ಡಾರ್ಸಿ ತೋರಿಸಿದ ಜಾಗ

ಪಾದ್ರಿಯವರು ತಣ್ಣೀರು ಕೇಳದೇ ಇದ್ದಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲ. ಮರುದಿನ ಚರ್ಚಿನ ಅಂಗಳದಲ್ಲಿ ಹಳೆ ಸಾಮಾನಿನ ಮಾರಾಟವಿತ್ತು. ನಿಮ್ಮ ಮನೆಯಿಂದ ಏನಾದರೂ ಕೊಡ್ತೀರಾ ಅಂತ ಕೇಳಲು ಬೆಳಿಗ್ಗೆಯೇ ಬಂದಿದ್ದರು. ವಿಲ್ಮಾ ಜೀನ್ ಫ್ರಿಜ್ಜಿನಿಂದ ಜಗ್ಗು ತೆಗೆದು, ಮಾತಾಡುತ್ತಲೇ ಲೋಟಕ್ಕೆ ಸುರಿದು ಕೊಟ್ಟಳು. ಪಾದ್ರಿಯವರು ಇನ್ನೇನು ಕುಡಿಯಬೇಕು, ಲೋಟದೊಳಗಿಂದ ಯಾರೋ ಅವರನ್ನೇ ನೋಡುತ್ತಿದ್ದರು. ಬೆರಳುದ್ದದ ಒಂದು ಮರಿಮೀನು!

“ತಂಗೀ, ಈ ನೀರು ಬಾಲ ಆಡಿಸ್ತಾ ಇದೆ,” ಅಂದರು ಪಾಪ, ಮರ್ಯಾದಸ್ಥರು.

ಅದು ಗಂಡ ಡಾರ್ಸಿಯ ಕೆಲಸ. ವಸಂತದಲ್ಲಿ ಡಾಗ್‌ವುಡ್ ಮರ ಹೂ ಬಿಟ್ಟಿತೆಂದರೆ ಕ್ರಾಪಿ ಮೀನುಗಳು ಮೊಟ್ಟೆಯಿಡಲು ಹೊಳೆದಂಡೆಗೆ ಬರುತ್ತವೆ, ನಮ್ಮ ಟೆನೆಸಿಯ ಗಂಡಸರ ತಲೆ ಕೆಡುತ್ತದೆ. ಗಾಳಕ್ಕೆ ಸಿಕ್ಕಿಸುವ ಮರಿಮೀನುಗಳು ತಂಪಲ್ಲಿದ್ದರೆ ಚುರುಕಾಗಿರುತ್ತವೆ ಅಂತ ಡಾರ್ಸಿ ಅವನ್ನು ಜಗ್ಗಿನಲ್ಲಿಟ್ಟಿದ್ದ.

ಪಾದ್ರಿಯವರು ಹೋದಮೇಲೆ ವಿಲ್ಮಾ ಜೀನ್ ಸೊಂಟಕ್ಕೆ ಕೈಯಿಟ್ಟು ನಿಂತಳು. “ರೀ, ಚಳಿಗಾಲ ಮುಗಿದಾಗಿಂದ ದಿನಾ ಹೊಳೆಗೆ ಹೋಗ್ತೀರಲ್ಲ, ತಂದಿದ್ದೇನು? ನೆಗಡಿ! ಇವತ್ತು ಸಂಜೆಗೆ ಬಾಣಲೆ ತುಂಬ ಮೀನು ಬರಬೇಕು. ಇಲ್ಲಾಂದ್ರೆ ನಿಮ್ಮ ಗಾಳದ ಕೋಲುಗಳೆಲ್ಲ ಚರ್ಚಿನ ಮಾರಾಟಕ್ಕೆ. ಅಪ್ಪನಾಣೆ!”

ಆ ಕೋಲುಗಳು ಡಾರ್ಸಿಯ ಪ್ರಾಣ. ಆದರೆ ಅವನಿಗೊಂದು ಧೈರ್ಯವೂ ಇತ್ತು. ಕ್ರಿಸ್ಮಸ್ ಮುಗಿದು ಊರವರು ಬೀದಿಗೆಸೆದ ಸಿಂಗಾರದ ಮರಗಳನ್ನೆಲ್ಲ ಎಳೆದೊಯ್ದು, ಕಲ್ಲು ಕಟ್ಟಿ, ಹೊಳೆಯ ತಿರುವಿನಲ್ಲಿ ಮುಳುಗಿಸಿದ್ದ. ಕ್ರಾಪಿಗೆ ಅಂಥ ಕೊಂಬೆರೆಂಬೆಯ ಮರೆ ಅಂದರೆ ತವರುಮನೆ. ಇಷ್ಟು ದಿನ ಮೀನು ಸೇರಲಿ ಅಂತ ಆ ಜಾಗ ಮುಟ್ಟದೇ ಕಾದಿದ್ದ. ಇವತ್ತು ಮುಟ್ಟಲೇಬೇಕಾಯ್ತು.

ಮರಿಮೀನುಗಳನ್ನು ಬಾಲ್ದಿಗೆ ಸುರಿದು, ಕೋಲು ಹಿಡಿದು ಬೀದಿಗಿಳಿದನೋ ಇಲ್ಲವೋ, ಎದುರುಮನೆಯ ಬ್ಯೂಫರ್ಡ್ ಜಗಲಿಯಿಂದ ಹಾರಿ ಬಂದ. ಹಿಂದೆಯೇ ಪಕ್ಕದ ಮನೆಯ ಮಿಸ್ ಓಪಲ್. ಎಂಬತ್ತು ದಾಟಿದ ಮುದುಕಿ, ಆದರೂ ಗಾಳದ ಕೋಲು ಹೆಗಲ ಮೇಲೆ.

“ಏನೋ ಡಾರ್ಸಿ, ಕಳ್ಳನ ಹಾಗೆ ಹೊರಟೆ? ಎಲ್ಲಿ ಕಚ್ತಾ ಇದೆ ಮೀನು?”

“ಹೇಳಪ್ಪ, ನಾವೇನು ನಿನ್ನ ಹೊಳೆ ಹೊತ್ಕೊಂಡು ಹೋಗ್ತೀವಾ?” ಅಂದಳು ಮುದುಕಿ.

ಮೀನಿನ ಜಾಗ ಕೇಳಿದರೆ ನಿಜ ಹೇಳುವ ಸಂಪ್ರದಾಯ ನಮ್ಮಲ್ಲಿಲ್ಲ. ಡಾರ್ಸಿ ಆಚೆ ಈಚೆ ನೋಡಿ, ದನಿ ತಗ್ಗಿಸಿದ. “ಯಾರಿಗೂ ಹೇಳ್ಬೇಡಿ. ಹೊಳೇಲಿ ಹಾರ್ಲನ್ ಮನೆಯ ದನಗಳು ನೀರು ಕುಡಿಯೋ ಕಡೆ ಇದೆಯಲ್ಲ, ಅಲ್ಲಿ.”

ಅಲ್ಲಿ ಮೊಣಕಾಲುದ್ದ ರಾಡಿ. ಕಪ್ಪೆ ಕೂಡ ಮೂಗು ಮುಚ್ಚಿಕೊಂಡು ದಾಟುವ ಜಾಗ. ಇಬ್ಬರೂ “ದೇವರು ನಿನ್ನ ಚೆನ್ನಾಗಿಟ್ಟಿರಲಿ” ಅಂತ ಹರಸಿ ಆ ಕಡೆ ಓಡಿದರು. ಡಾರ್ಸಿ ನಗುತ್ತ ತಿರುವಿನ ದಾರಿ ಹಿಡಿದ.

ದಾರಿಯಲ್ಲಿ ಕೆಸರು ಒಂದು ಬೂಟನ್ನು ನುಂಗಿತು. ದಂಡೆಗೆ ಕೂತು ಮೊದಲ ಗಾಳ ಎಸೆದ, ಅದು ಮುಳುಗಿಸಿದ ಮರಕ್ಕೆ ಸಿಕ್ಕಿಕೊಂಡಿತು. ಎರಡನೆಯದೂ ಅಷ್ಟೇ. ಅಷ್ಟು ಭಕ್ತಿಯಿಂದ ಮುಳುಗಿಸಿದ ಮರಗಳು ಒಂದೊಂದೇ ಗಾಳ ಕಿತ್ತುಕೊಂಡು, ಮತ್ತೆ ಕ್ರಿಸ್ಮಸ್ ಬಂದ ಹಾಗೆ ಸಿಂಗಾರಗೊಂಡವು. ಬಗ್ಗಿ ಗಂಟು ಬಿಡಿಸುವಷ್ಟರಲ್ಲಿ ಕೊಕ್ಕರೆಯೊಂದು ಬಾಲ್ದಿಗೆ ಕತ್ತು ಹಾಕಿ ಮರಿಮೀನುಗಳನ್ನು ಹೆಚ್ಚುಕಡಿಮೆ ಖಾಲಿ ಮಾಡಿತು.

“ಹಾಳಾದ್ದೇ! ನಿಂಗ್ಯಾರು ಊಟಕ್ಕೆ ಕರೆದ್ರು?”

ಉಳಿದ ಒಂದೇ ಒಂದು ಮರಿಯನ್ನು ಸಿಕ್ಕಿಸಿ ಮತ್ತೆ ಎಸೆದ. ನೀರಲ್ಲಿ ತೇಲುತ್ತಿದ್ದ ಗಾಳದ ಬೆಂಡು ಅಲ್ಲಾಡಿತು. ಮುಳುಗಿತು! ಎಳೆದರೆ ಊಟದ ತಟ್ಟೆಯಷ್ಟಗಲದ ಕ್ರಾಪಿ ನೀರಿನ ಮೇಲೆ ಥಳಥಳ ಹೊಳೆಯಿತು. ಆದರೆ ಕ್ರಾಪಿಯ ಬಾಯಿ ಹಪ್ಪಳವಿದ್ದಂತೆ, ಮೆಲ್ಲಗೆ ಎಳೆಯಬೇಕು. ಸಂತೋಷದಲ್ಲಿ ಡಾರ್ಸಿ ಜಗ್ಗಿಬಿಟ್ಟ. ತುಟಿ ಹರಿಯಿತು, ಮೀನು ಗುಳುಂ ಅಂತ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಸಂಜೆ ಒಂದೇ ಬೂಟಿನಲ್ಲಿ ಕುಂಟುತ್ತ ಮನೆಗೆ ಬಂದರೆ ಗೇಟಿನವರೆಗೂ ಮೀನು ಕರಿಯುವ ಘಮಘಮ. ಅಂಗಳದಲ್ಲಿ ಬ್ಯೂಫರ್ಡ್, ಮಿಸ್ ಓಪಲ್, ಮಾರಾಟದ ಸಾಮಾನು ಒಯ್ಯಲು ಗಾಡಿ ತಂದಿದ್ದ ಪಾದ್ರಿಯವರು. ಜೋಳದ ಹಿಟ್ಟಲ್ಲಿ ಹೊರಳಿಸಿದ ಕ್ರಾಪಿಗಳು ಬಾಣಲೆಯಲ್ಲಿ ಚುಂಯ್‌ಗುಡುತ್ತಿದ್ದವು.

ಬ್ಯೂಫರ್ಡ್ ಓಡಿಬಂದು ತಬ್ಬಿಕೊಂಡ. “ಮಾರಾಯಾ! ಆ ರಾಡೀಲಿ ಇಷ್ಟು ಮೀನಿದೆ ಅಂತ ಯಾರಿಗಪ್ಪಾ ಗೊತ್ತು? ಗಾಳ ಹಾಕಿದ್ದೇ ತಡ, ಕಿತ್ತಾಡಿಕೊಂಡು ಕಚ್ಚಿದ್ವು! ಅರ್ಧ ನಿನ್ನ ಪಾಲು ಅಂತ ತಂದ್ವಿ.”

“ನಲವತ್ತು ವರ್ಷದಿಂದ ಇಲ್ಲಿದ್ದೀನಿ,” ಅಂದರು ಪಾದ್ರಿಯವರು ಕಣ್ಣೊರೆಸಿಕೊಳ್ಳುತ್ತ. “ನೆರೆಯವನಿಗೆ ಮೀನಿನ ಜಾಗ ನಿಜವಾಗಿ ಹೇಳಿದವನನ್ನ ಇವತ್ತೇ ನೋಡಿದ್ದು. ಭಾನುವಾರ ಚರ್ಚಿನಲ್ಲಿ ನನ್ನ ಪ್ರಸಂಗ ನಿನ್ನ ಮೇಲೇ, ಡಾರ್ಸಿ.”

ಡಾರ್ಸಿ ಇಂಗು ತಿಂದ ಮಂಗನ ಹಾಗೆ ನಿಂತ. ಸುಳ್ಳು ಹೇಳಿದ್ದೆ ಅಂತ ಪಾದ್ರಿಯ ಮುಂದೆ ಒಪ್ಪಿಕೊಳ್ಳುವುದುಂಟೇ? ಕೂತು ಮೀನಿಗೆ ಕೈ ಹಾಕಿದ. ಏನೇ ಆಗಲಿ, ಬಾಣಲೆ ತುಂಬಿತ್ತು. ಕೋಲುಗಳು ಬಚಾವಾದವು. ಎಂಥ ನೆಮ್ಮದಿ!

ನಾಲ್ಕನೇ ಮೀನು ತಿನ್ನುವಾಗ ನೋಡುತ್ತಾನೆ, ವಿಲ್ಮಾ ಜೀನ್ ಜಗಲಿಯ ಗೋಡೆಯಿಂದ ಕೋಲುಗಳನ್ನೆಲ್ಲ ಇಳಿಸಿ ಪಾದ್ರಿಯವರ ಗಾಡಿಗೆ ತುಂಬುತ್ತಿದ್ದಾಳೆ.

“ಅಯ್ಯಯ್ಯೋ! ಮೀನು ಬಂತಲ್ಲೇ!”

“ಬಂತಲ್ಲ, ಅದಕ್ಕೇ ರೀ,” ಅಂದಳು ಪ್ರೀತಿಯಿಂದ, ಅವನ ಪಕ್ಕದಲ್ಲಿದ್ದ ಕೋಲನ್ನೂ ಎತ್ತಿಕೊಳ್ಳುತ್ತ. “ನೀವು ಹಿಡಿಯೋಕೆ ಹೋದ್ರೆ ಒಂದೂ ಬರಲ್ಲ. ಮನೇಲಿ ಕೂತು ಜಾಗ ಹೇಳಿದ್ರೆ ಬಾಲ್ದಿಗಟ್ಟಲೆ ಬರುತ್ತೆ. ಇನ್ನು ಕೋಲು ಯಾಕೆ ಹೇಳಿ?”

“ಆ ಉದ್ದದ ಕೋಲು ಬೇರೆಯವರಿಗೆ ಕೊಡ್ಬೇಡಿ ಪಾದ್ರಿಗಳೇ, ನಾನೇ ಕೊಂಡ್ಕೋತೀನಿ,” ಅಂತ ಕೂಗಿದ ಬ್ಯೂಫರ್ಡ್. ಆಮೇಲೆ ಡಾರ್ಸಿಯ ಕಡೆ ಸರಿದು ಕೂತ. “ಹೇಳು ಗುರುವೇ, ನಾಳೆ ಎಲ್ಲಿಗೆ ಹೋಗ್ಲಿ?”

ಡಾರ್ಸಿಗೆ ಅಳು ಬಂತು. ಆದರೆ ಬಾಯಿ ತುಂಬ ಮೀನಿತ್ತು, ಮೀನು ಬಲು ರುಚಿಯಾಗಿತ್ತು. ನುಂಗಿ, ಐದನೆಯದಕ್ಕೆ ಕೈ ಚಾಚಿದ.