ಪ್ಲಗ್ಗು ಕೆಟ್ಟಿದೆ, ಬೇಗ ಬನ್ನಿ

ಚಳ್ಳಕೆರೆಯಲ್ಲಿ ವೈರಿಂಗ್ ಕೆಲಸ ಹಿಡಿದು ನನ್ನ ತಲೆ ಅರ್ಧ ನೆರೆತಿದೆ. ಗೋಡೆಯ ಪ್ಲಗ್ಗು ಎಂದೂ ಸುಳ್ಳು ಹೇಳುವುದಿಲ್ಲ; ಮನೆಯವರು ಎಂದೂ ಪೂರ್ತಿ ಹೇಳುವುದಿಲ್ಲ. ಇಂಥ ಒಂದಾದರೂ ಮನೆ ಸಿಗದ ವಾರವೇ ಇಲ್ಲ.

೧. ಮರ್ಯಾದೆ

ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಯಜಮಾನರೊಬ್ಬರ ದೂರು: ಪ್ಲಗ್ಗು ಕೆಟ್ಟು ಮಗ್ಗದ ಮೇಲಿನ ದೀಪ ಹೋಗಿ ಹೋಗಿ ಬರುತ್ತದೆ. ನಾನು ಹೋದಾಗ ದೀಪ ನೆಟ್ಟಗೆ ಉರಿಯುತ್ತಿತ್ತು. ಎರಡನೇ ಸಲವೂ ಅಷ್ಟೇ. ಮೂರನೇ ಸಲ ನನಗೆ ಸಿಟ್ಟೇ ಬಂತು. ಆಗ ಅವರ ಹೆಂಡತಿ, "ಇವ್ರು ನೇಯುವಾಗ ಮಾತ್ರ ಹೋಗ್ತೈತ್ರಿ" ಎಂದರು. ಕೂರಿಸಿ ನೇಯಿಸಿದೆ. ಮಗ್ಗ ಬಡಿದಾಗೆಲ್ಲ ಗೋಡೆ ಅದುರಿ, ಸಡಿಲವಾಗಿದ್ದ ಪ್ಲಗ್ಗಿನೊಳಗೆ ಕಿಡಿ!

"ಮೊದ್ಲೇ ನೇಯ್ದು ತೋರಿಸ್ಬಾರ್ದೇನ್ರಿ?" ಎಂದೆ.

"ಮನೆಗೆ ಬಂದೋರ ಮುಂದೆ ಎದ್ದು ನಿಲ್ದೆ, ಕುಂತ್ಕಂಡೇ ಕೆಲ್ಸ ಮಾಡಾಕಾಗ್ತೈತಾ? ಮರ್ಯಾದೆ ಬ್ಯಾಡ್ವಾ?"

ಆ ಮರ್ಯಾದೆಗೆ ನಾನು ಮೂರು ಸಲ ಮೊಳಕಾಲ್ಮೂರಿನ ಬಸ್ಸು ಹತ್ತಿದ್ದೆ.

೨. ಮಣೆ

ನಾಯಕನಹಟ್ಟಿಯ ನಿವೃತ್ತ ಮೇಷ್ಟ್ರೊಬ್ಬರು, ಇಸ್ತ್ರಿ ಪೆಟ್ಟಿಗೆ ಶಾಕ್ ಹೊಡೆಯುತ್ತದೆ, ಪ್ಲಗ್ಗಿನದೇ ತಪ್ಪು ಎಂದರು. ನೋಡಿದರೆ ಗೋಡೆಯ ಹಳೇ ಪ್ಲಗ್ಗಿಗೆ ಎರಡೇ ತೂತು. ಇಸ್ತ್ರಿ ಪೆಟ್ಟಿಗೆಗೆ ಮೂರು ಪಿನ್ನು. ಮೇಷ್ಟ್ರು ಶಾಕ್ ತಡೆಯುವ ಅರ್ತಿಂಗಿನ ದಪ್ಪ ಪಿನ್ನನ್ನೇ ಗರಗಸದಲ್ಲಿ ಕುಯ್ದು ಲೆಕ್ಕ ಸರಿ ಮಾಡಿದ್ದರು.

"ಸಾರ್, ಮನೆಯೋರಿಗೆ ಏನಾದ್ರೂ ಆದ್ರೆ?"

"ಇಸ್ತ್ರಿ ಮಾಡುವಾಗ ನಿಲ್ಲಾಕೆ ಅವ್ಳಿಗೆ ಮರದ ಮಣೆ ಕೊಟ್ಟೀನಲ್ಲಪ್ಪಾ."

ಒಳಗಿನಿಂದ ಅವರ ಹೆಂಡತಿಯ ದನಿ ಬಂತು: "ಮದುವೆ ದಿನ ಮಣೆ ಹತ್ತಿಸಿದ್ರು, ಇವತ್ತಿಗೂ ಇಳಿಸಿಲ್ಲ ನೋಡ್ರಿ!"

೩. ಹೊಸ ಪ್ಲಗ್ಗು

ದೊಡ್ಡಉಳ್ಳಾರ್ತಿಯ ಅಜ್ಜಿಯೊಬ್ಬಳ ಮನೆಗೆ ಮೊಮ್ಮಗಳ ಗಂಡ ಮದುವೆಯಾದ ಮೇಲೆ ಮೊದಲ ಸಲ ಮಧ್ಯಾಹ್ನದ ಊಟಕ್ಕೆ ಬರುವವನಿದ್ದ. ಹೂರಣಕ್ಕೆ ಬೇಳೆ ಬೆಂದಿತ್ತು, ಮಿಕ್ಸಿ ತಿರುಗುತ್ತಿರಲಿಲ್ಲ. "ಒಬ್ಬಟ್ಟಿಲ್ದೆ ಬರೀ ಅನ್ನ ಸಾರು ಬಡಿಸ್ಲೇನಪ್ಪಾ? ಬೀಗರು ಊರೆಲ್ಲ ಆಡ್ಕಂತಾರೆ" ಎಂದು ಅಜ್ಜಿ ಕಣ್ಣೀರಿಟ್ಟಳು. ನನಗೂ ಪಾಪ ಅನ್ನಿಸಿತು.

ಮೇನ್ ಸ್ವಿಚ್ ಆರಿಸಿ ಪ್ಲಗ್ಗು ಬಿಚ್ಚಿದೆ. ಒಳಗೆಲ್ಲ ವಿಭೂತಿ, ಅರಿಶಿನ ಗಾರೆಯ ಹಾಗೆ ಗಟ್ಟಿಯಾಗಿತ್ತು. ಪ್ರತಿ ಆಯುಧ ಪೂಜೆಗೂ, ಅಮಾವಾಸ್ಯೆಗೂ ಅಜ್ಜಿ ನೀರಲ್ಲಿ ಕಲಸಿ ಬಳಿದಿದ್ದಳು. ಇಷ್ಟು ದಿನ ಶಾಕ್ ಹೊಡೆಯದೆ ಉಳಿದದ್ದೇ ಅವಳ ಪುಣ್ಯ. ಹೊಸ ಪ್ಲಗ್ಗು ಕೂರಿಸಿ, "ಅಜ್ಜೀ, ಇನ್ಮೇಲೆ ಇದಕ್ಕೆ ಏನೂ ಹಚ್ಚಬ್ಯಾಡ" ಎಂದು ಕೈಮುಗಿದೆ. ಮೇನ್ ಹಾಕಲು ತಿರುಗಿದರೆ ಅಜ್ಜಿ ಕಲಸಿದ ವಿಭೂತಿ, ತೆಂಗಿನಕಾಯಿ ಹಿಡಿದು ನಿಂತಿದ್ದಾಳೆ!

"ಹೊಸಾದು ತಾನೆ? ಪೂಜೆ ಮಾಡ್ದೆ ಹೆಂಗೆ ಚಾಲೂ ಮಾಡಾದು?"

ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ನಾನೇ ಪ್ಲಗ್ಗಿಗೆ ಬೆನ್ನು ಕೊಟ್ಟು ನಿಂತೆ. ವಿಭೂತಿ ನನ್ನ ಹಣೆಗೆ ಬಿತ್ತು, ಒಡೆದ ಕಾಯಿಯ ನೀರು ನನ್ನ ಅಂಗಿಗೆ. ಆಮೇಲೆ ಮೇನ್ ಹಾಕಿದೆ. ಮಿಕ್ಸಿ ಗರ್ರೆಂದು ತಿರುಗಿತು.

ಅಜ್ಜಿಯ ಮುಖ ಅರಳಿತು. "ನೋಡ್ದಾ? ನೀನು ಒಂದು ಗಂಟೆಯಿಂದ ಬಿಚ್ಕಂಡು ಕುಂತಿದ್ದೆ. ಕಾಯಿ ಒಡುದ್ಮೇಲೇ ಕರೆಂಟು ಬಂದಿದ್ದು!"