ಒಂದೇ ಪಾವಟಿಗಿ, ಮೂರು ಲೆಕ್ಕ

ವಿರೂಪಾಕ್ಷಪ್ಪ: ಹದಿನಾರ! ಮೂರ ಸಲ ಎಣಿಸೀನಿ. ಹದಿನಾರಂದ್ರ ಹದಿನಾರ!

ಗದಿಗೆವ್ವ: ನನಗೂ ಎಣಸಾಕ ಬರ್ತೈತ್ರಿ. ಹದಿನೇಳ!

ಲಕ್ಕಪ್ಪ: ಕಟ್ಟಿದಾಂವ ನಾನ್ರಿ. ಹದಿನೆಂಟ!

(ಬೆಟಗೇರಿಯ ಹೊಸ ಮನೆ. ಕೆಳಗೆ ಅಂಗಡಿ, ಮೇಲೆ ಸಂಸಾರ. ನಾಳೆ ವಾಸ್ತುಶಾಂತಿ. ಗಂಡ, ಹೆಂಡತಿ, ಗೌಂಡಿ ಮೂವರೂ ಪಾವಟಿಗಿಯ, ಅಂದರೆ ಮೆಟ್ಟಿಲ, ಬುಡದಲ್ಲಿ ನಿಂತು ಅದರ ಲೆಕ್ಕಕ್ಕೆ ಕಚ್ಚಾಡುತ್ತಿದ್ದಾರೆ. ಮೇಲೆ ಹಾಲು ಉಕ್ಕಿಸಬೇಕಾದವಳು ಮುತ್ತವ್ವ. ವಿರೂಪಾಕ್ಷಪ್ಪನನ್ನು ಎತ್ತಿ ಆಡಿಸಿದ ಅಕ್ಕ. ಹೊಂಬಳದ ಬಸ್ಸಿನಲ್ಲಿ ಕೂತಾಗಿದೆ. ಎಲ್ಲಿಯ ಮೆಟ್ಟಿಲಾದರೂ ಆಕೆ ಹತ್ತುವುದು "ಲಾಭ, ಲುಕ್ಸಾನ" ಎಂದು ಒಂದೊಂದಾಗಿ ಎಣಿಸುತ್ತಲೇ. ಕೊನೆಯದು ಲಾಭಕ್ಕೇ, ಅಂದರೆ ಬೆಸ ಸಂಖ್ಯೆಗೇ, ಬರಬೇಕಲ್ಲ!)

ವಿರೂಪಾಕ್ಷಪ್ಪ: ಹ್ವಾದ ವರ್ಷ ಅಂತೂರ ಬೆಂತೂರದಾಗ ಬೀಗರ ಮನಿ ಪಾವಟಿಗಿ ಅರ್ಧಾ ಏರಿ, ಹಂಗ ಇಳದ ಬಸ್ ಹತ್ತಿದಾಕಿ ನಮ್ಮಕ್ಕ. ಊಟಾ ಸೈತ ಮಾಡ್ಲಿಲ್ಲ. ನನ್ನ ಮನ್ಯಾಗೂ ಹಂಗ ಮಾಡಿದ್ರ ನಾ ಯಾರಿಗೆ ಮಾರಿ ತೋರಸ್ಲಿ?

ಲಕ್ಕಪ್ಪ: ಗಾಬರಿ ಆಗಬ್ಯಾಡ್ರಿ ಸಾಹುಕಾರ್ರ. ಪಾವಟಿಗ್ಯಾಗ ಮಲಗಿದ್ದೊಂದ, ನಿಂತದ್ದೊಂದ ಇರ್ತಾವು. ಕಾಲ ಇಡೂದು ಮಲಗಿದ್ದು. ಮುಂದ ನಿಂತಿರ್ತೈತಲ್ಲ, ಅದು ಅದರ ಮಾರಿ. ನಾವು ಗೌಂಡ್ಯಾರು ಎಣಸೂದು ಮಾರಿ.

ವಿರೂಪಾಕ್ಷಪ್ಪ: ನಮ್ಮಕ್ಕ ಮಾರಿ ಮ್ಯಾಲ ಕಾಲ ಇಡ್ತಾಳೇನಲೇ?

ಲಕ್ಕಪ್ಪ: ಕೇಳ್ರಿಲ್ಲೆ. ಕೆಳಗ ಎಂಟ, ನಡುವ ಲ್ಯಾಂಡಿಂಗ, ಮ್ಯಾಲ ಎಂಟ. ಲ್ಯಾಂಡಿಂಗ ಏರಾಕ ಒಂದ ಮಾರಿ, ಮನಿ ಏರಾಕ ಒಂದ ಮಾರಿ. ಹದಿನೆಂಟ ಆತಿಲ್ರಿ?

ಗದಿಗೆವ್ವ: ಲ್ಯಾಂಡಿಂಗ ಮ್ಯಾಲೂ ಕಾಲ ಇಡ್ತೀವಲ್ಲ? ಅದೂ ಒಂದ ಪಾವಟಿಗಿ. ಹದಿನೇಳ, ಲಾಭ. ಮುಗೀತು, ಚಾ ಕುಡೀರಿ.

ವಿರೂಪಾಕ್ಷಪ್ಪ: ಎಮ್ಮಿ ಮಲಗೋವಷ್ಟ ಐತಿ, ಅದಕ್ಕ ಪಾವಟಿಗಿ ಅಂತಿಯಲ್ಲ! ಸೀದಾ ಏರಸೂಣು ಅಂತ ಬಡಕೊಂಡೆ. ನಿನ್ನ ಹಟಕ್ಕ ಲ್ಯಾಂಡಿಂಗ ಆತು, ಜಾಗಾ ಹಾಳಾತು.

ಗದಿಗೆವ್ವ: ಸೀದಾ ಏರಸಿದ್ರ ಮೊದಲನೇ ಪಾವಟಿಗಿ ಓಣ್ಯಾಗ ಬರ್ತಿತ್ರಿ!

ವಿರೂಪಾಕ್ಷಪ್ಪ: ಲಕ್ಕಪ್ಪಾ, ಬುಡಕೊಂದ ಕಲ್ಲ ಇಡೋ. ಹದಿನಾರ ಹೋಗಿ ಹದಿನೇಳ ಆಗ್ಲಿ.

(ಲಕ್ಕಪ್ಪ ಮೂಲೆಯಲ್ಲಿದ್ದ ಫರಸಿಯ ತುಂಡೊಂದನ್ನು ಎಳೆದು ತಂದು ಮೊದಲ ಮೆಟ್ಟಿಲ ಮುಂದೆ ಕೂರಿಸಿದ.)

ಗದಿಗೆವ್ವ: ಅಯ್ಯ ನನ್ನ ಶಿವನ! ನನ್ನ ಹದಿನೇಳು ಹದಿನೆಂಟ ಆತಲ್ಲ! ಕುಂತ ಲಾಭಾ ಎಬ್ಬಿಸಿ ಕಳಿಸಿದ್ರಿ. ತಗಿ ಲಕ್ಕಪ್ಪಾ!

ವಿರೂಪಾಕ್ಷಪ್ಪ: ತಗೀಬ್ಯಾಡ!

ಗದಿಗೆವ್ವ: ತಗಿ ಅಂದ್ನಿ!

ಲಕ್ಕಪ್ಪ: ನಾ ಹಿಂಗ ಬಗ್ಗೇ ಇರ್ಲೇನ್ರಿ? ನನ್ನ ಲೆಕ್ಕದಾಗಂತೂ ಹತ್ತೊಂಬತ್ತ ಆತು. ನನಗ ಲಾಭ.

(ಬಾಗಿಲಲ್ಲಿ ಮುತ್ತವ್ವ! ಮೂವರೂ ಗೋಡೆಗೆ ಸರಿದರು. ಮುತ್ತವ್ವ ಕಾಲಿಟ್ಟಳು, ಕಲ್ಲು ಎಡವಿದಳು, ಕಟಾಂಜನ ಹಿಡಿದುಕೊಂಡಳು.)

ಮುತ್ತವ್ವ: ಅವ್ವವ್ವಾ! ಲಾಭ... ಲುಕ್ಸಾನ... ಲಾಭ...

(ಒಂಬತ್ತಕ್ಕೆ ಲಾಭ ಎಂದಳು. ಮುಂದೆ ಲ್ಯಾಂಡಿಂಗು. ಅದನ್ನೂ ಎಣಿಸಿದಳೋ, ಕೊನೆಯದು ಲುಕ್ಸಾನಕ್ಕೆ ಬಂದು ವಿರೂಪಾಕ್ಷಪ್ಪನ ಕಥೆ ಮುಗಿಯಿತು. ಮುತ್ತವ್ವ ಎಣಿಸಲೇ ಇಲ್ಲ. ಲ್ಯಾಂಡಿಂಗಿನ ಮೇಲೆ ದೊಪ್ಪನೆ ಕೂತುಬಿಟ್ಟಳು.)

ಮುತ್ತವ್ವ: ಶಿವ ಶಿವಾ! ನಡುವ ಕುಂಡ್ರಾಕ ಎಷ್ಟ ಚಂದ ಕಟ್ಟಿ ಮಾಡೀರೋ ತಮ್ಮಾ! ಕಿಡಕಿ ಗಾಳಿ ಬ್ಯಾರೆ. ಇದು ಯಾರ ಉಪಾಯ?

ವಿರೂಪಾಕ್ಷಪ್ಪ: ನಂದ ಅಕ್ಕಾ!

(ಗದಿಗೆವ್ವ ಗಂಡನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು.)

ವಿರೂಪಾಕ್ಷಪ್ಪ: ಅಲ್ಲಾ ಅಕ್ಕಾ, ಇದು ಲಾಭೋ ಲುಕ್ಸಾನೋ? ಎಣಸೂದ ಬಿಟ್ಟೆಲ್ಲ?

ಮುತ್ತವ್ವ: ಯಾವ ಲಾಭಾನೋ! ಮೊಣಕಾಲ ನೋವ ಮರೀಲಿ ಅಂತ ಏನರೆ ಅನಕೋತ ಏರತೀನಿ. ಕುಂತ ಮ್ಯಾಲ ಎದಕ್ಕ ಎಣಸ್ಲಿ?

ವಿರೂಪಾಕ್ಷಪ್ಪ: ಮತ್ತ ಅಂತೂರ ಬೆಂತೂರದಾಗ ಅರ್ಧಾಕ ಯಾಕ ಇಳದ ಬಂದಿ?

ಮುತ್ತವ್ವ: ಅಲ್ಲೆ ನಡುವ ಕುಂಡ್ರಾಕ ಜಾಗಾನ ಇರ್ಲಿಲ್ಲೋ! ನಿಚ್ಚಣಿಕಿ ಹಂಗ ಸೀದಾ ಏರಸ್ಯಾರ. ಮೊಣಕಾಲ ಕೇಳ್ಲಿಲ್ಲ, ಇಳದ ಬಂದೆ. ಇಲ್ಲೆ ಒಂದೀಟ ಕುಂತ ಎದ್ನೆಂದ್ರ ಮ್ಯಾಲ ಬಂದ ನಾಳಿ ಹಾಲೂ ಉಕ್ಕಸ್ತೀನಿ, ನಾಕ ಹೋಳಗೀನೂ ಉಣತೀನಿ. ಅದಿರ್ಲಿ, ಬುಡಕಿನ ಆ ಕಲ್ಲ ಯಾರ ಇಟ್ಟಾರ? ಬೆರಳ ಜಜ್ಜೇತಿ ನೋಡಿಲ್ಲೆ!

(ವಿರೂಪಾಕ್ಷಪ್ಪ ಲಕ್ಕಪ್ಪನ ಕಡೆ ನೋಡಿದ. ಲಕ್ಕಪ್ಪ ಆಗಲೇ ಕಲ್ಲು ಹೊತ್ತು ಬಾಗಿಲು ದಾಟಿದ್ದ.)

ಗದಿಗೆವ್ವ: ಕಟ್ಟೀನೂ ನಿಮ್ಮ ತಮ್ಮನ ಉಪಾಯ, ಕಲ್ಲೂ ನಿಮ್ಮ ತಮ್ಮನ ಉಪಾಯರಿ ಅಕ್ಕಾರ. ಒಂದ ಲಾಭ, ಒಂದ ಲುಕ್ಸಾನ!