ಕನ್ನಡಕದ ಅಂಗಡಿಯ ಕಾಣದ ಹುಳುಗಳು

ಆರು ವಾರ ಕಾದು ತರಿಸಿದ ಸೀಸೆಯ ಮುಚ್ಚಳ ತೆಗೆಯುವ ಮೊದಲೇ ಪಕ್ಕದ ದರ್ಜಿ ಒಳಗೆ ಬಂದು, ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ಬರೀ ನೀರು. ಚೆನ್ನಾಗಿ ಟೋಪಿ ಹಾಕಿದಾರೆ ನಿಮ್ಗೆ" ಎಂದು ತೀರ್ಪು ಕೊಟ್ಟುಬಿಟ್ಟ. ಕನ್ನಡಕದ ಅಂಗಡಿಯವನ ಮೈ ಉರಿಯಲು ಶುರುವಾದದ್ದು ಅಲ್ಲಿಂದ.

ಬರೀ ನೀರಂತೆ! ಸಾಸಿವೆ ಕಾಳನ್ನು ಹತ್ತು ಚೂರು ಮಾಡಿದರೆ ಒಂದು ಚೂರು ಎಷ್ಟಿದ್ದೀತೋ ಅಷ್ಟೇ ಗಾತ್ರದ ಹುಳುಗಳು ಅದರಲ್ಲಿ ಸಾವಿರಗಟ್ಟಲೆ ಇದ್ದವು. ಅಂಗಡಿಯ ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ ಹೆಬ್ಬೆರಳುದ್ದದ, ನೀಲಿ ಮೈಗೆ ಕಿತ್ತಳೆ ಪಟ್ಟೆಯ ಮೀನೊಂದಿತ್ತು. ಜೀವಂತ ಹುಳುವನ್ನಲ್ಲದೆ ಬೇರೇನನ್ನೂ ಅದು ಮೂಸಿ ಸಹ ನೋಡುತ್ತಿರಲಿಲ್ಲ. ಇದ್ದ ಹುಳುಗಳನ್ನೆಲ್ಲ ತಿಂದು ಮುಗಿಸಿ ಈಗ ಹೊಟ್ಟೆ ಬೆನ್ನಿಗಂಟಿಸಿಕೊಂಡು ಮೂಲೆ ಹಿಡಿದಿತ್ತು. ಅದನ್ನು ಉಳಿಸಲೆಂದೇ ಅಂಗಡಿಯವನು ಪಕ್ಕದಲ್ಲಿ ಒಂದು ಸಣ್ಣ ತೊಟ್ಟಿ ಇಟ್ಟು, ಕೊಳವೆಯಿಂದ ದೊಡ್ಡದಕ್ಕೆ ಜೋಡಿಸಿ, ಆಶ್ರಯದ ತೊಟ್ಟಿ ಎಂದು ಹೆಸರಿಟ್ಟಿದ್ದ. ಅದರಲ್ಲಿ ಹಸಿರು ಪಾಚಿಯ ಸಿಕ್ಕು, ಎರಡು ಬಸವನಹುಳು, ಈ ಸೀಸೆಯ ಹುಳುಗಳು, ಇಷ್ಟೇ ಇರಬೇಕು. ಹುಳುಗಳು ಯಾರ ಕಾಟವೂ ಇಲ್ಲದೆ ಸಂಸಾರ ಬೆಳೆಸಬೇಕು, ಹೆಚ್ಚಾದವು ಕೊಳವೆಯಲ್ಲಿ ಹರಿದು ಮೀನಿನ ಬಾಯಿಗೆ ಬೀಳಬೇಕು. ಒಂದು ತಿಂಗಳು ಯಾರೂ ಕೈ ಹಾಕದಿದ್ದರೆ ಸಾಕು. ಅಲ್ಲಿಯವರೆಗೆ ದಿನಕ್ಕೊಂದು ಚಮಚ ಹುಳು ಎತ್ತಿ ಹಾಕಿ ಮೀನಿನ ಜೀವ ಹಿಡಿದಿಡಬಹುದು.

ಆದರೆ ಕೈ ಹಾಕದೆ ಇರುವುದು ಈ ಬೀದಿಯವರ ಹಣೆಯಲ್ಲೇ ಬರೆದಿರಲಿಲ್ಲ. ಅವನು ಹುಳುಗಳನ್ನು ಸುರಿದು ಕೈ ಒರೆಸಿಕೊಳ್ಳುವಷ್ಟರಲ್ಲಿ ಎದುರಿನ ಬೇಕರಿಯವನು ಬಂದು, ಖಾಲಿ ತೊಟ್ಟಿ ನೋಡಲು ಚೆಂದವಲ್ಲ, ನಾಲ್ಕು ಕೆಂಪು ಸಿಗಡಿ ಬಿಡಿ ಎಂದ. ಸಿಗಡಿ ಹುಳು ತಿನ್ನುತ್ತದೆ ಎಂದು ಅಂಗಡಿಯವನು ಹೇಳಿದ. ಹಾಗಾದರೆ ನಕ್ಷತ್ರಮೀನು ಎಂದಳು ಔಷಧಿ ಅಂಗಡಿಯವಳು. ದರ್ಜಿಯಂತೂ ಸಲಹೆ ಕೊಟ್ಟು ಸುಮ್ಮನಾಗುವ ಪೈಕಿಯೇ ಅಲ್ಲ. ಮೀನು ಮಾರುಕಟ್ಟೆಗೇ ಹೋಗಿ ಒಂದು ಏಡಿಯನ್ನು ಚೀಲದಲ್ಲಿ ಹಾಕಿಕೊಂಡು ಬಂದು, ತೊಟ್ಟಿಯ ಅಂಚಿನವರೆಗೂ ಕೈ ಚಾಚಿದ. ಅಂಗಡಿಯವನು ಹಾರಿ ಅವನ ಮಣಿಕಟ್ಟು ಹಿಡಿದದ್ದರಿಂದ ಏಡಿ ನೆಲಕ್ಕೆ ಬಿದ್ದು ಫ್ರೇಮುಗಳ ಕಪಾಟಿನ ಕೆಳಗೆ ಹೊಕ್ಕಿತು. ಕಣ್ಣು ಪರೀಕ್ಷೆಗೆ ಕೂತಿದ್ದ ಹೆಂಗಸು ಕುರ್ಚಿಯ ಮೇಲೆ ಹತ್ತಿ ನಿಂತಳು. ಸಹಾಯ ಮಾಡಲು ಬಂದವನಿಗೆ ಇದೇನಾ ಮರ್ಯಾದೆ ಎಂದು ದರ್ಜಿಯೇ ಮುಖ ಊದಿಸಿಕೊಂಡು ಹೋದ.

ಅಷ್ಟರಲ್ಲಿ ನಿವೃತ್ತ ಮೇಷ್ಟ್ರು ತಮ್ಮ ಹೊಸ ಕನ್ನಡಕಕ್ಕೆ ಬಂದರು. ಕನ್ನಡಕ ಹಾಕಿಸಿ, ಎಷ್ಟು ಸ್ಪಷ್ಟವಾಗಿದೆ ನೋಡಿ, ಹುಳುಗಳೂ ಕಾಣಬಹುದು ಎಂದು ಅಂಗಡಿಯವನು ಬಾಯಿ ತಪ್ಪಿ ಅಂದುಬಿಟ್ಟ. ಮೇಷ್ಟ್ರು ಸಣ್ಣ ತೊಟ್ಟಿಯ ಗಾಜಿಗೆ ಮೂಗು ಒತ್ತಿ ಹತ್ತು ನಿಮಿಷ ನೋಡಿದರು. ಕನ್ನಡಕ ತೆಗೆದು ನೋಡಿದರು. ಮತ್ತೆ ಹಾಕಿ ನೋಡಿದರು. ಆಮೇಲೆ ಬಿಚ್ಚಿ ಮೇಜಿನ ಮೇಲಿಟ್ಟು, "ನಂಬರು ತಪ್ಪಿದೆ. ಬೇರೆ ಗಾಜು ಹಾಕ್ಸಿ" ಎಂದರು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ನಂಬರು ತಪ್ಪದವನಿಗೆ ಈ ಮಾತು! ಸಿಟ್ಟಿಗೆ ಅವನ ಕಿವಿ ಕೆಂಪಾಯಿತು.

ಆ ಸಿಟ್ಟೆಲ್ಲ ಹೊರಬಿದ್ದದ್ದು ಮಾವನ ಮುಂದೆ. ಹೆಂಡತಿಯ ತಂದೆ ಮಗಳ ಮನೆಗೆಂದು ಬಂದವರು, ಹೊತ್ತು ಹೋಗದೆ ಅಂಗಡಿಯ ಮೂಲೆಯಲ್ಲಿ ಪೇಪರು ಓದುತ್ತ ಕೂತಿದ್ದರು. ಬೆಳಿಗ್ಗೆಯಿಂದ ತುಟಿ ಬಿಚ್ಚದ ಪ್ರಾಣಿ ಆ ಬೀದಿಯಲ್ಲಿ ಅವರೊಬ್ಬರೇ.

"ಇದೇನು ಮ್ಯೂಸಿಯಮ್ಮಾ ಮಾವ, ಜನ ನೋಡೋಕೆ? ಹೊರಗೆ ಬದುಕೋಕಾಗದ ಬಡಪಾಯಿಗಳಿಗೆ ಅಂತ ಮಾಡಿರೋ ಜಾಗ ಇದು. ಇಲ್ಲಿ ಹೊಟ್ಟೆ ತುಂಬ ಊಟ ಇರತ್ತೆ, ಯಾರ ಕಾಟಾನೂ ಇರಲ್ಲ. ಇಷ್ಟು ಸಣ್ಣ ವಿಷಯ ಒಬ್ಬರ ತಲೆಗೂ ಹೋಗಲ್ಲ ಅಂದ್ರೆ ಏನ್ ಹೇಳೋದು?"

ಮಾವ ಪೇಪರು ಮಡಚಿಟ್ಟು ಪೂರ್ತಿ ಕೇಳಿದರು, ನಿಧಾನವಾಗಿ ತಲೆಯಾಡಿಸಿದರು. ಅಂಗಡಿಯವನಿಗೆ ಎದೆ ಹಗುರಾಯಿತು. ದರ್ಜಿ, ಬೇಕರಿಯವನು, ಯಾರೇ ಬಂದರೂ ಹತ್ತಿರ ಬಿಡಬೇಡಿ, ಏಡಿ ಸಿಗಡಿ ಏನೂ ಬೇಡ ಎಂದು ಅವರನ್ನು ಕಾವಲಿಗೆ ಕೂರಿಸಿ, ಮೇಷ್ಟ್ರ ಕನ್ನಡಕ ಹಿಡಿದು ಗಾಜು ಕತ್ತರಿಸುವ ಕಾರ್ಖಾನೆಗೆ ಹೊರಟ.

ಅಲ್ಲಿ ನಂಬರು ಕೂದಲೆಳೆಯಷ್ಟೂ ತಪ್ಪಿಲ್ಲವೆಂದು ಬರೆಸಿಕೊಂಡು, ಸಂಜೆ ಗೆದ್ದವನ ಹಾಗೆ ವಾಪಸು ಬಂದ. ಮಾವ ಛತ್ರಿ ಹಿಡಿದು ತೊಟ್ಟಿಗೆ ಅಡ್ಡಲಾಗಿ ಕೂತಿದ್ದರು. ದರ್ಜಿಯನ್ನು ಎರಡು ಸಲ ಓಡಿಸಿದೆ ಎಂದು ಹೇಳಿ ಪಕ್ಕಕ್ಕೆ ಸರಿದರು. ಆಶ್ರಯದ ತೊಟ್ಟಿಯ ಪಾಚಿಯ ನಡುವೆ ನೀಲಿ ಮೀನು ಆರಾಮಾಗಿ ತೇಲುತ್ತಿತ್ತು. ಹೊಟ್ಟೆ ಗೋಲಿಯಂತೆ ಗುಂಡಗಾಗಿತ್ತು.

"ನೀವು ಹೇಳಿದ್ದು ನೂರಕ್ಕೆ ನೂರು ಸರಿ ಅಳಿಯಂದಿರೇ," ಎಂದರು ಮಾವ. "ಇಡೀ ಅಂಗಡೀಲಿ ಇದಕ್ಕಿಂತ ಬಡಪಾಯಿ ಯಾರಿದಾರೆ? ಊಟ ಇಲ್ಲಿ, ಇದು ಅಲ್ಲಿ ಉಪವಾಸ. ಬಲೇಲಿ ಎತ್ತಿ ಈ ಕಡೆ ಬಿಟ್ಟೆ. ಬಿಟ್ಟಾಗಿಂದ ಒಂದೇ ಸಮ ಕುಟುಕ್ತಾ ಇತ್ತು. ಈಗಷ್ಟೇ ನಿಲ್ಲಿಸ್ತು."

ಅಂಗಡಿಯವನು ಭೂತಗನ್ನಡಿ ತಂದು ಗಾಜಿನ ಉದ್ದಗಲಕ್ಕೂ ಹುಡುಕಿದ. ಎರಡು ಬಸವನಹುಳು ಬಿಟ್ಟರೆ ಏನೂ ಮಿಸುಕಲಿಲ್ಲ. ಇನ್ನೊಂದು ಸೀಸೆಗೆ ಮತ್ತೆ ಆರು ವಾರ. ಮೀನು ಅಷ್ಟು ದಿನ ತಡೆಯುವುದಿಲ್ಲ. ಕೂಗಾಡಬೇಕೆಂದು ಬಾಯಿ ತೆರೆದ. ಯಾವ ಮಾತು ಹಿಡಿದು ಬೈಯಲು ಹೊರಟರೂ ಅದು ತಾನೇ ಆಡಿದ ಮಾತಾಗಿತ್ತು.

ಅವನ ಮುಖ ನೋಡಿ ಮಾವನಿಗೆ ಅನುಮಾನ ಬಂತು. "ಯಾಕೆ, ನಾನು ಸರಿಯಾಗಿ ಕೇಳಿಸ್ಕೊಳ್ಳಲಿಲ್ವಾ?"

"ಕೇಳಿಸ್ಕೊಂಡಿದ್ದು ನೀವೊಬ್ಬರೇ ಮಾವ," ಎಂದು ಅವನು ಕುರ್ಚಿಯಲ್ಲಿ ಕುಸಿದು ಕೂತ.